ಜ್ವರಕ್ಕೆ ಕೂತ ಹುಳ

ಶಿವರಾತ್ರಿ ಕಳೆದು ಇನ್ನೂ ವಾರ ತುಂಬಿರಲಿಲ್ಲ, ಆಗಲೇ ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು. ಗುಟ್ಟಪಾಳ್ಯದ ಸುತ್ತಿನ ಹಿಪ್ಪುನೇರಳೆ ತೋಟಗಳಲ್ಲಿ ಹೆಂಗಸರು ಬಿಸಿಲೇರುವುದರೊಳಗೆ ಸೊಪ್ಪು ಮುಗಿಸಬೇಕೆಂದು ಬಗ್ಗಿದ ಬೆನ್ನೆತ್ತದೆ ಕುಡುಗೋಲು ಆಡಿಸುತ್ತಿದ್ದರು. ಕಡ್ಡಿ ಸಮೇತ ಕೊಯ್ದ ಹೊರೆಗಳು ಒದ್ದೆ ಗೋಣಿತಾಟು ಹೊದ್ದು ಬದುವಿನ ಮೇಲೆ ಸಾಲಾಗಿ ಕೂತಿದ್ದವು. ಆ ಸಾಲಿನ ತುದಿಯಲ್ಲಿ, ಊರು ಮುಗಿದು ತೋಟ ಶುರುವಾಗುವ ಕಡೆ, ಮುಚ್ಚಿಹೋದ ಶಾಲೆಯ ಅಂಗಳದಲ್ಲಿ ಗೌತಮಿ ಮಂಡಿಯೂರಿ ಕೂತು ಹಳೆಯ ಹೆಂಚಿನ ಕೊಠಡಿಯ ಗೋಡೆಯ ಬಿರುಕೊಂದಕ್ಕೆ ಕ್ಯಾಮೆರಾ ಹಿಡಿದಿದ್ದಳು. ಅದು ಬಿರುಕೆಂದರೆ ಬಿರುಕಲ್ಲ, ಗಾರೆಯ ಮೇಲೆ ಎದ್ದ ಒಂದು ಗೀರು. ಉಗುರು ಕೂಡ ಒಳಗಿಳಿಯುವುದಿಲ್ಲ. ಆದರೆ ಬೆಳಗಿನ ಬೆಳಕು ಗೋಡೆಯ ಪಕ್ಕದಿಂದ ಸವರಿಕೊಂಡು ಹೋಗುತ್ತಿರುವಾಗ, ಹತ್ತಿರ ಕೂತು ಕೆಳಗಿನಿಂದ ಮೇಲಕ್ಕೆ ತೆಗೆದರೆ ಆ ಗೀರಿನ ಒಂದು ದಂಡೆ ಕಪ್ಪಾಗಿ ಇನ್ನೊಂದು ದಂಡೆ ಬೆಳ್ಳಗಾಗಿ, ನಾಳೆಯೇ ಗೋಡೆ ಎರಡು ಹೋಳಾಗಿ ಬೀಳುತ್ತದೆ ಅನ್ನುವ ಹಾಗೆ ಕಾಣುತ್ತದೆ. ಮದುಮಗಳ ಮುಖದ ಮೊಡವೆ ಅಳಿಸುವುದಕ್ಕೆ ಬೆಳಕನ್ನು ಎದುರಿನಿಂದ ಬಿಡಬೇಕು, ಗೋಡೆಯ ಬಿರುಕು ಹೆಚ್ಚಿಸುವುದಕ್ಕೆ ಪಕ್ಕದಿಂದ. ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ಇಷ್ಟು ವರ್ಷ ದುಡಿದು ಅವಳು ಕಲಿತ ವಿದ್ಯೆಯೆಲ್ಲ ಇಷ್ಟೇ ಇರಬಹುದು ಅನ್ನಿಸಿ ಒಂದು ಗಳಿಗೆ ಕೈ ತಡೆಯಿತು. ಮತ್ತೆ ಬಟನ್ ಒತ್ತಿದಳು.

‘ಎಲ್ಲಿ ತೋರ್ಸಮ್ಮ’ ಎಂದು ರಮೇಶ್‌ಬಾಬು ಬಗ್ಗಿ ನೋಡಿದರು. ಚಿಂತಾಮಣಿಯಲ್ಲಿ ಬಹಳ ಕಾಲ ಗೊಬ್ಬರದ ಅಂಗಡಿ ನಡೆಸಿ ಈಗ ಊರಿಗೆ ಬಂದು ಕೂತವರು. ಇಸ್ತ್ರಿ ಹಾಕಿದ ಬಿಳಿ ಶರಟು, ಹವಾಯಿ ಚಪ್ಪಲಿ. ‘ಅಬ್ಬಾ! ನಮ್ಮ ಗೋಡೆ ಇಷ್ಟು ಕೆಟ್ಟೋಗೈತೆ ಅಂತ ನಂಗೇ ಗೊತ್ತಿರಲಿಲ್ಲ ಕಣಮ್ಮ. ನೀನು ಎಲೆಕ್ಷನ್‌ಗೆ ನಿಂತ್ರೆ ಗೆಲ್ತೀಯ.’ ಅವರು ನಕ್ಕರು. ಅವಳೂ ನಕ್ಕಳು. ನಕ್ಕಿದ್ದು ಆಮೇಲೆ ಇಡೀ ದಿನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚಿಕೊಂಡು ಉಳಿಯಿತು.

ವಿಷಯವನ್ನು ಅವರು ಬಂದ ಕೂಡಲೆ ಬಿಡಿಸಿ ಹೇಳಿದ್ದರು, ಮುಚ್ಚುಮರೆಯಿರಲಿಲ್ಲ. ಶಾಲೆಯ ಜಾಗ ಅವರ ತಾತ ಮುನಿವೆಂಕಟಪ್ಪನವರು ಕೊಟ್ಟಿದ್ದು. ಶಾಲೆ ಸತ್ತು ವರ್ಷಗಳಾದವು. ಕಟ್ಟಡ ಶಿಥಿಲ, ಉಪಯೋಗದಲ್ಲಿಲ್ಲ ಎಂದು ಇಂಜಿನಿಯರು ಬರೆದುಕೊಟ್ಟರೆ ಕೆಡವಬಹುದು, ಕೆಡವಿದ ಮೇಲೆ ಜಾಗ ಕೇಳಬಹುದು. ನಾಳಿದ್ದು ಇಂಜಿನಿಯರು ನೋಡಲು ಬರುತ್ತಾರೆ, ಅಷ್ಟರಲ್ಲಿ ಫೋಟೋ ಅವರ ಕೈ ಸೇರಿರಬೇಕು. ‘ಮಕ್ಕಳೇ ಇಲ್ಲ, ಇನ್ನು ಶಾಲೆ ಇಟ್ಕೊಂಡು ಏನ್ ಮಾಡೋದು ಹೇಳು. ನಮ್ಮ ಜನಕ್ಕೆ ಇಂಗ್ಲಿಷ್ ಬೇಕು, ವ್ಯಾನ್ ಬೇಕು, ಟೈ ಬೇಕು. ಯಾರನ್ನ ಬೈಯೋದು? ಕಾಲ ಅಂಗೈತೆ.’ ಗೌತಮಿ ಲೆನ್ಸು ಒರೆಸುತ್ತ ‘ಹೂಂ ಸರ್’ ಅಂದಳು. ಕಾಲ. ಎಲ್ಲ ತಪ್ಪನ್ನೂ ತಂದು ಹಾಕುವುದಕ್ಕೆ ಒಂದು ತಿಪ್ಪೆಯ ಹಾಗೆ ಈ ಕಾಲ ಎಂಬುದು ಊರ ಹೊರಗೆ ಯಾವಾಗಲೂ ಬಿದ್ದಿರುತ್ತದೆ. ತಾನು ಇದೇ ಶಾಲೆಯಲ್ಲಿ ಓದಿದವಳು ಎಂದು ಅವಳು ಹೇಳಿರಲಿಲ್ಲ. ಸ್ಟುಡಿಯೋದ ಅಂಬರೀಶಣ್ಣ ‘ಗುಟ್ಟಪಾಳ್ಯದಲ್ಲಿ ಒಂದು ಹಳೆ ಸ್ಕೂಲಂತೆ, ನೀನು ಹೋಗಿ ಬಾ’ ಅಂದಾಗಲೂ ಹೇಳಿರಲಿಲ್ಲ. ಯಾವೂರಮ್ಮ ಎಂದು ರಮೇಶ್‌ಬಾಬು ಕೇಳಿದಾಗ ಶಿಡ್ಲಘಟ್ಟ ಅಂದಿದ್ದಳು. ಅದು ಸುಳ್ಳೇನಲ್ಲ, ಐದನೇ ಕ್ಲಾಸು ಮುಗಿದದ್ದೇ ಹಾಸ್ಟೆಲ್ಲಿಗೆ ಸೇರಿದವಳು, ಈಗ ಅಲ್ಲೇ ರೂಮು. ಹೆಸರು ಕೇಳಿದಾಗ ಗೌತಮಿ ಅಂದಳು. ‘ಒಳ್ಳೆ ಹೆಸರು. ಗೋದಾವರಿಗೆ ಗೌತಮಿ ಅಂತಾರೆ, ನಮ್ಮ ನೆಂಟರಲ್ಲೂ ಒಬ್ಬಳವ್ಳೆ’ ಎಂದು ಅವರು ಅವಳನ್ನು ತಮ್ಮ ಕಡೆಯ ಯಾವುದೋ ಜಗಲಿಯ ಮೇಲೆ ಕೂರಿಸಿಬಿಟ್ಟರು. ಚಿಕ್ಕಬಳ್ಳಾಪುರದ ಸಭೆಯೊಂದಕ್ಕೆ ಹೋಗಿ ಪಂಚಶೀಲ ಹೇಳಿ ಬಂದ ಅಪ್ಪ ಮುನಿಗಂಗಪ್ಪ, ಬುದ್ಧನನ್ನು ಸಾಕಿದ ತಾಯಿಯ ಹೆಸರಂತೆ ಎಂದು ಮಗಳಿಗೆ ಇಟ್ಟ ಹೆಸರು ಅದು. ಆ ಹೆಸರು ಹೊಳೆಯದಾಗಿಬಿಟ್ಟಿದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ, ಹಗುರವೆನಿಸಿತು. ಹಗುರವೆನಿಸಿತಲ್ಲ ಎಂದು ಸಿಟ್ಟು ಬಂತು.

ಅಂಗಳದ ಮೂಲೆಯಲ್ಲಿ ಅಡುಗೆಕೋಣೆ ಇತ್ತು; ಈಗ ಬಾಗಿಲಿಲ್ಲ, ಹೊಗೆ ಕುಡಿದ ಮೂರು ಗೋಡೆ. ಒಲೆಯ ಮೇಲೆ ಹಳೆಯ ಡ್ರಿಪ್ ಪೈಪಿನ ಸುರುಳಿ ಬಿದ್ದಿತ್ತು. ‘ಅದೂ ಒಂದು ತೆಗಿಯಮ್ಮ, ಕರ್ರಗೈತೆ, ಭಯಂಕರ ಕಾಣ್ತದೆ’ ಅಂದರು ರಮೇಶ್‌ಬಾಬು. ಅವಳು ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡಳು. ಒಲೆಯ ಮುಂದೆ ಅಮ್ಮ ಹೊಸ ಸೀರೆ ಉಟ್ಟು ಕೂತಿದ್ದಳು. ಹಳೆಯ ಅಡುಗೆಯವರು ಬಿಟ್ಟು ಹೋಗಿ, ಬೇರೆ ಯಾರೂ ಸಿಗದೆ, ಹೆಡ್‌ಮೇಷ್ಟ್ರು ಅಮ್ಮನಿಗೆ, ಆಂಜಿನಮ್ಮನಿಗೆ, ಬಿಸಿಯೂಟದ ಕೆಲಸ ಕೊಟ್ಟ ಮೊದಲನೇ ದಿನ. ತೊಗರಿಬೇಳೆ ಸಾರಿಗೆ ಒಗ್ಗರಣೆ ಬಿದ್ದ ಘಮ ಕ್ಲಾಸಿನೊಳಕ್ಕೆ ಬರುತ್ತಿರುವಾಗಲೇ ಮೇಷ್ಟ್ರು ಹಾಜರಿ ಕೂಗಿದರು, ಊರ ಬೀದಿಯ ಒಂದು ಹೆಸರಿಗೂ ಉತ್ತರ ಬರಲಿಲ್ಲ. ಬಾಗಿಲಲ್ಲಿ ಯಾರೋ ಗಂಡಸು ನಿಂತು, ಒಳಗೆ ಕಾಲಿಡದೆ, ‘ಮಕ್ಕಳಿಗೆಲ್ಲಾ ಜ್ವರ ಸಾ’ ಎಂದು ಹೇಳಿ ಹೊರಟುಹೋದ. ಕೇರಿಯ ಮಕ್ಕಳು ಮಾತ್ರ ಹಾಸಿನ ಮೇಲೆ ಅಲ್ಲಲ್ಲಿ ಉಳಿದಿದ್ದರು, ಕೊಯ್ದ ಹೊಲದಲ್ಲಿ ಉಳಿದ ಕೂಳೆಯ ಹಾಗೆ.

ಅಮ್ಮ ಅದನ್ನು ನಂಬಿದಳು. ಇದೇ, ಇದೊಂದೇ, ಗೌತಮಿಗೆ ಇಷ್ಟು ವರ್ಷವಾದರೂ ಸಹಿಸಲಾಗದ್ದು. ಅಮ್ಮ ಚಿಕ್ಕಂದಿನಿಂದ ಹುಳದ ಮನೆಗಳಲ್ಲಿ ಕೂಲಿ ಮಾಡಿದವಳು. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಬಿಡುತ್ತದೆ. ಪ್ರತಿ ಸಲವೂ ಮೇವು ಬಿಟ್ಟು, ತಲೆಯೆತ್ತಿ, ಕಲ್ಲಿನ ಹಾಗೆ ಅಲ್ಲಾಡದೆ ಕೂರುತ್ತದೆ. ಹುಳ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಬಾರದು, ಕಾಯಬೇಕು. ಜ್ವರದಿಂದ ಎದ್ದ ಹುಳ ಮೊದಲಿನ ಎರಡರಷ್ಟು ತಿನ್ನುತ್ತದೆ. ಅಮ್ಮನಿಗೆ ಜ್ವರ ಅಂದರೆ ಅದು. ಎರಡನೇ ದಿನವೂ ಯಾರೂ ಬರದಿದ್ದಾಗ ‘ಏಳಲಿ ಇರು, ಎಂಗೆ ತಿಂತವೆ ನೋಡು’ ಎಂದು ಮಗಳಿಗೆ ಹೇಳಿದಳು. ಮೂರನೇ ದಿನ ಬೆಳಿಗ್ಗೆ, ಇವತ್ತು ಎದ್ದೇ ಏಳುತ್ತವೆ ಎಂಬ ಲೆಕ್ಕದಲ್ಲಿ, ಅಕ್ಕಿಯನ್ನು ಹೆಚ್ಚಿಗೆ ಹಾಕಿದಳು. ಸೌಟು ಹಿಡಿದು ಜಗಲಿಯ ಮೇಲೆ ಗಂಟೆ ಹೊಡೆಯುವ ತನಕ ನಿಂತಳು, ಬೀದಿಯ ಕಡೆ ನೋಡುತ್ತ. ಅನ್ನ ದನದ ಪಾಲಾಯಿತು. ಅಕ್ಕಿ ಹಾಳುಮಾಡಿದಳೆಂದು ಅದೇ ಬೀದಿಯಿಂದ ದೂರು ಹೋಯಿತು, ಅವಳನ್ನು ಬಿಡಿಸಿದರು. ಆದರೂ ಜ್ವರ ಏಳಲಿಲ್ಲ. ಬೀದಿಯ ತುದಿಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬಂದು ನಿಲ್ಲತೊಡಗಿತು. ಕೇರಿಯ ನಾಲ್ಕಾರು ಮಕ್ಕಳನ್ನು ಇಟ್ಟುಕೊಂಡು ಶಾಲೆ ಇನ್ನೂ ಕೆಲವು ವರ್ಷ ಕೆಮ್ಮುತ್ತ ಬದುಕಿತ್ತು, ಆಮೇಲೆ ಅವರನ್ನೂ ಸಾದಲಿಯ ಶಾಲೆಗೆ ಕಳಿಸಿ ಬೀಗ ಹಾಕಿದರು. ಊರಲ್ಲಿ ಉಳಿದದ್ದು ಒಂದು ತಮಾಷೆ ಮಾತ್ರ. ಹಾಲಿನ ಡೈರಿ ಮುಂದೆ, ಬಸ್ಸು ನಿಲ್ಲುವಲ್ಲಿ, ಯಾರಾದರೂ ಕೇಳುವರು: ‘ಏನಮ್ಮಾ ಆಂಜಿನಮ್ಮ, ಜ್ವರ ಎದ್ದವಾ?’ ಅಮ್ಮ ನಕ್ಕ ಹಾಗೆ ಮಾಡಿ ಮುಂದೆ ಹೋಗುವಳು. ಅದೇ ಮನೆಗಳಲ್ಲಿ ಹುಳ ಹಣ್ಣಾದ ದಿನ, ಮೈ ಹಳದಿ ತಿರುಗಿ ಗೂಡು ಕಟ್ಟಲು ತಯಾರಾದ ಹುಳವನ್ನು ಒಂದೊಂದಾಗಿ ಆಯ್ದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಲು ನೂರು ಕೈ ಬೇಕಾದ ದಿನ, ಕೇರಿಗೆ ಓಡಿ ಬರುತ್ತಿದ್ದರು. ಆವತ್ತು ಯಾರ ಕೈ ಎಂದು ಯಾರೂ ಕೇಳುತ್ತಿರಲಿಲ್ಲ. ಹುಳಕ್ಕೆ ಆಗಿಬಂದ ಕೈ ಮಕ್ಕಳಿಗೆ ಆಗಿಬರಲಿಲ್ಲ. ಗೌತಮಿ ಒಲೆಯ ಫೋಟೋ ತೆಗೆದಳು. ಕರ್ರಗೆ, ಭಯಂಕರವಾಗಿ ಬಂತು.

‘ಇನ್ನೊಂದೇ ಬಾಕಿ’ ಎಂದು ರಮೇಶ್‌ಬಾಬು ಆಚೆಯ ಆರ್‌ಸಿಸಿ ಕೊಠಡಿಯ ಕಡೆ ಕರೆದುಕೊಂಡು ಹೋದರು. ಅದು ಅವಳ ಐದನೇ ಕ್ಲಾಸಿನ ಕೊಠಡಿ. ಕಿಟಕಿಗಳಿಗೆ ನೊಣ ಬಾರದ ಹಾಗೆ ನೈಲಾನ್ ಬಲೆ ಹೊಡೆದಿದ್ದರು. ‘ಸುಮ್ನೆ ಬಿದ್ದಿತ್ತು ಅಂತ ಹುಳ ಸಾಕ್ಕೊಂಡಿದೀವಿ ಕಣಮ್ಮ. ಹುಳ ಮಾತ್ರ ಫೋಟೋದಲ್ಲಿ ಕಾಣಬಾರದು ಮತ್ತೆ. ಒಳಗೆ ಬಾ, ಸೀಲಿಂಗಲ್ಲಿ ಕಂಬಿ ಈಚೆ ಬಂದೈತೆ, ಮೇಲಕ್ಕೆ ಹಿಡಿದು ಅದೊಂದೇ ತೆಗಿ. ನಾಳೆ ಸಾಯಂಕಾಲಕ್ಕೆ ಹಣ್ಣಾಗ್ತವೆ, ಚಂದ್ರಿಕೆಗೆ ಬಿಟ್ಟು ರಾತ್ರಿಗೆ ರಾತ್ರಿ ನಮ್ಮ ಮನೆ ಮಹಡಿಗೆ ಸಾಗಿಸಿಬಿಟ್ರೆ ನಾಳಿದ್ದು ಇಂಜಿನಿಯರ್ ಬರೋ ಹೊತ್ತಿಗೆ ರೂಮು ಖಾಲಿ. ಇಲ್ಲೇ ಗೂಡು ಕಟ್ಟೋಕೆ ಕೂತ್ಬಿಟ್ರೆ ವಾರ ಅಲ್ಲಾಡ್ಸೋಕಾಗಲ್ಲ, ಅದೇ ಭಯ.’ ಬಾಗಿಲ ಮುಂದೆ ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸಿದ ಒದ್ದೆ ಗೋಣಿತಾಟು ಹಾಸಿತ್ತು. ರೋಗ ಒಳಗೆ ಬಾರದಿರಲೆಂದು ಅದನ್ನು ತುಳಿದೇ ಹೋಗಬೇಕು. ಗೌತಮಿ ಶೂ ಬಿಚ್ಚಿದಳು, ಬಲಗಾಲಿಟ್ಟಳು. ತಣ್ಣಗಾಯಿತು. ಒಳಗಿನ ಕತ್ತಲಲ್ಲಿ ತಟ್ಟೆಗಳ ಅಟ್ಟಣಿಗೆ, ಅದರಾಚೆ ಗೋಡೆಯ ಮೇಲೆ ಅ ಆ ಇ ಈ. ಅವಳಿಗೆ ಒಮ್ಮೆಲೆ ಒಳಗೆ ಹೋಗಬೇಕೆನಿಸಿತು, ಕೆಲಸಕ್ಕಲ್ಲ.

ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಮುದುಕಿಯೊಬ್ಬರು ಬಾಗಿಲಿಗೆ ಬಂದರು. ರಮೇಶ್‌ಬಾಬುವಿನ ತಾಯಿ ಅಮ್ಮಾಜಮ್ಮ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರು. ನೋಡುತ್ತಲೇ ಇದ್ದರು. ‘ಈ ಹಣೆ ನಾನು ಕಂಡಿದೀನಲ್ಲ’ ಅಂದರು. ಆಮೇಲೆ ಮುಖ ಅರಳಿತು. ‘ಆಂಜಿನಮ್ಮನ ಮಗಳಲ್ವೇನೆ ನೀನು? ಅಯ್ಯೋ, ಎಷ್ಟು ಬೆಳೆದ್ಬಿಟ್ಯೆ! ಪ್ಯಾಂಟು ಬೇರೆ. ನಿಮ್ಮಮ್ಮ ಚೆನ್ನಾಗವ್ಳಾ? ಮಂಡಿನೋವು ಅಂತಿದ್ಲು.’ ಅದರಲ್ಲಿ ಕಪಟವಿರಲಿಲ್ಲ. ಅಕ್ಕರೆಯೇ ಇತ್ತು. ಆಮೇಲೆ ಅದೇ ಅಕ್ಕರೆಯ ದನಿಯಲ್ಲಿ, ಮಗನ ಕಡೆ ತಿರುಗಿ, ಮನೆಮಾತು ತೆಲುಗಿಗೆ ಇಳಿದು ಹೇಳಿದರು: ‘ಮನ ಆಂಜಿನಮ್ಮ ಕೂತುರು ರಾ.’ ನಮ್ಮ ಆಂಜಿನಮ್ಮನ ಮಗಳು ಕಣೋ. ತೆಲುಗು ಅವಳಿಗೂ ಮನೆಮಾತೇ. ಈ ಸೀಮೆಯಲ್ಲಿ ಯಾರಿಗೆ ಬಾರದು. ಆದರೂ ಅವಳೆದುರು ಪರದೆಯೊಂದನ್ನು ಇಳಿಬಿಟ್ಟ ಹಾಗೆ ತಾಯಿ ಮಗ ಆ ಮಾತಿನ ಆಚೆ ಒಂದು ಗಳಿಗೆ ನಿಂತರು. ರಮೇಶ್‌ಬಾಬುವಿನ ಕಣ್ಣು ಅವಳ ಮುಖದಿಂದ ಇಳಿದು ಕ್ಯಾಮೆರಾಕ್ಕೆ ಬಂತು, ಅಲ್ಲಿಂದ ಗೋಣಿತಾಟಿನ ಮೇಲಿದ್ದ ಬಲಗಾಲಿಗೆ.

‘ನೋಡಮ್ಮಾ... ಮರೆತೇಬಿಟ್ಟಿದ್ದೆ’ ಅಂದರು. ‘ಹುಳ ಜ್ವರಕ್ಕೆ ಕೂತವೆ. ಈಗ ಒಳಗೆ ಯಾರೂ ಓಡಾಡಬಾರದು. ನೀನು ಅಲ್ಲೇ ಹೊರಗಿಂದ, ಕಿಟಕೀಲಿ ತೆಗೆದುಬಿಡು. ಬರುತ್ತಲ್ಲ?’

ಅವಳ ಕಾಲು ಅಲ್ಲೇ ಇತ್ತು. ನಿಜವಿರಬಹುದು ಎಂದು ಮೊದಲು ಅನ್ನಿಸಿದ್ದಕ್ಕೆ ಅವಳು ಆಮೇಲೆ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಹುಳ ಎಂದರೆ ಎಷ್ಟೊಂದು ಕಟ್ಟುಪಾಡು: ಊದುಬತ್ತಿ ಹಚ್ಚಬಾರದು, ಹೊಗೆಸೊಪ್ಪು ಹಾಕಿದ ಬಾಯಲ್ಲಿ ಹತ್ತಿರ ಹೋಗಬಾರದು, ಬೇರೆ ಹುಳದ ಮನೆಗೆ ಹೋದ ಕಾಲು ಇಲ್ಲಿಗೆ ಬರಬಾರದು. ಎಲ್ಲದಕ್ಕೂ ಕಾರಣವಿದೆ, ಇಲಾಖೆಯವರು ಬಂದು ಭಾಷಣ ಮಾಡಿ ಹೋಗುತ್ತಾರೆ. ಬೆಳಿಗ್ಗೆ ಅವಳಿಗೆ ಪೇಪರ್ ಲೋಟದಲ್ಲಿ ಕಾಫಿ ಬಂದಾಗಲೂ ಅಷ್ಟೆ, ರಮೇಶ್‌ಬಾಬು ತಾವೂ ಪೇಪರ್ ಲೋಟದಲ್ಲೇ ಕುಡಿದರು. ಹಿಡಿದು ಕೇಳುವುದಕ್ಕೆ ಒಂದು ಹಿಡಿಯೂ ಇಲ್ಲದ ಹಾಗೆ ಈಗೆಲ್ಲ ನುಣ್ಣಗಾಗಿದೆ. ಒಂದು ನಿಮಿಷದ ಹಿಂದೆ ಇದೇ ಮನುಷ್ಯ ಒಳಗೆ ಬಾ ಅಂದಿದ್ದರು. ಒಂದು ನಿಮಿಷದಲ್ಲಿ ಹುಳಕ್ಕೆ ಜ್ವರ ಬಂದಿತ್ತು. ನಾಲ್ಕು ಜ್ವರವೂ ಮುಗಿದು ನಾಳೆ ಹಣ್ಣಾಗುವ ಹುಳಕ್ಕೆ. ಆಗ ಅವಳ ಕಿವಿಗೆ ಅದು ಬಿತ್ತು. ಬಿದ್ದೇ ಇತ್ತು, ಕೇಳಿರಲಿಲ್ಲ. ಕತ್ತಲ ಕೊಠಡಿಯ ತುಂಬ ಒಣಗಿದ ಎಲೆಗಳ ಮೇಲೆ ತುಂತುರು ಮಳೆ ಹಿಡಿದ ಹಾಗೆ ಸರಸರ ಸದ್ದು. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಮೇಯುವ ಸದ್ದು. ಮಗುವಾಗಿ ಅಮ್ಮನ ಬೆನ್ನ ಮೇಲೆ ಅದನ್ನು ಕೇಳಿ ನಿದ್ದೆಹೋದವಳು ಅವಳು.

‘ಸರ್, ತಿಂತಾ ಅವೆ.’

‘ಏನು?’

‘ಹುಳ. ಕೇಳಿ. ಜ್ವರಕ್ಕೆ ಕೂತಿದ್ರೆ ತಿನ್ನಲ್ಲ ಅಲ್ವಾ?’

ರಮೇಶ್‌ಬಾಬು ಕೇಳಿಸಿಕೊಂಡರು, ನಿಜವಾಗಿ ಕಿವಿಗೊಟ್ಟರು. ಅವರು ನಾಚುತ್ತಾರೆ, ತಡವರಿಸುತ್ತಾರೆ, ಇಲ್ಲವೆ ಸಿಟ್ಟಾಗುತ್ತಾರೆ ಎಂದು ಗೌತಮಿ ಕಾದಳು. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಅವರು ತಾಳ್ಮೆಯಿಂದ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ ಹೇಳಿದರು: ‘ಗೊತ್ತಲ್ಲ ನಿಂಗೆ. ಓದಿದವಳು ನೀನು. ಗೊತ್ತಿದ್ದೂ ಯಾಕಮ್ಮಾ ನಮ್ಮ ಬಾಯಲ್ಲಿ ಹೇಳಿಸ್ತೀಯ?’

ಅಮ್ಮಾಜಮ್ಮ ‘ಬಿಸಿಲಲ್ಲಿ ನಿಲ್ಲಿಸಬೇಡ, ಪಾಪ’ ಎಂದು ಮಗನಿಗೆ ಹೇಳಿ ಒಳಗೆ ಹೋದರು.

ಅವಳು ಕಿಟಕಿಗೆ ಹೋದಳು. ಚೀಲ ಎತ್ತಿಕೊಂಡು ನಡೆಯಬಹುದಿತ್ತು. ಕಾಲಿಗೆ ಅಭ್ಯಾಸವಾಗಿತ್ತು, ಹೊರಗೆ ಹೋಗು ಅಂದ ಕೂಡಲೆ ಕಾಲು ಹೊರಗಿನ ಜಾಗ ಹುಡುಕಿಕೊಳ್ಳುತ್ತದೆ. ಬಲೆಗೆ ಲೆನ್ಸು ಒತ್ತಿ ಹಿಡಿದಾಗ ಬಲೆ ಮಾಯವಾಗಿ ಕೊಠಡಿ ಕಣ್ಣೊಳಗೆ ಬಂತು. ಅವಳು ಸೀಲಿಂಗಿನ ಕಡೆ ಎತ್ತಲಿಲ್ಲ. ಅಟ್ಟಣಿಗೆಯ ತುಂಬ, ಸಾಲು ಸಾಲಾಗಿ, ಬೆಳ್ಳಗೆ, ಬಗ್ಗಿ ತಿನ್ನುತ್ತಿದ್ದ ಹುಳ. ಅವುಗಳ ತಲೆಯ ಮೇಲೆ ಮಾಸಿದ ಅಕ್ಷರಮಾಲೆ. ಅದರ ಪಕ್ಕ ಕರಿಹಲಗೆ, ಹಲಗೆಯ ಮೊಳೆಗೆ ನೇತುಹಾಕಿದ ಅಮ್ಮಾಜಮ್ಮನವರ ಸ್ವೆಟರು. ತೆಗೆದಳು. ಮತ್ತೆ ತೆಗೆದಳು. ಹತ್ತಿರಕ್ಕೆ ಎಳೆದಾಗ ಅಟ್ಟಣಿಗೆಯ ಅಂಚಿನಲ್ಲಿ ಕೆಲವು ಹುಳ ಮೇವು ಬಿಟ್ಟು, ಗಾಜಿನ ಹಾಗೆ ಹಳದಿ ತಿರುಗಿದ ಮೈ ಎತ್ತಿ, ಗಾಳಿಯಲ್ಲಿ ತಲೆಯಾಡಿಸುತ್ತಿದ್ದವು. ಬಿಸಿಲಿಗೆ ಒಂದು ದಿನ ಮುಂಚೆಯೇ ಹಣ್ಣಾಗತೊಡಗಿದ್ದವು. ಮೊದಲು ಅಂಚಿನಲ್ಲಿ ಹತ್ತಿಪ್ಪತ್ತು. ಸಂಜೆಯೊಳಗೆ ಇಡೀ ಕೊಠಡಿ. ಅವಳು ಬಾಯಿ ತೆರೆದಳು, ಅಭ್ಯಾಸದಿಂದ, ಹೇಳುವುದಕ್ಕೆ. ಮುಚ್ಚಿದಳು.

‘ಸೀಲಿಂಗು ಬಂತಾ?’

‘ಬಂತು ಸರ್.’

‘ಸಂಜೆ ಒಳಗೆ ವಾಟ್ಸಾಪ್ ಮಾಡು ಮತ್ತೆ. ಮನಸಿಗೆ ತಗೋಬೇಡಮ್ಮ.’

ಶೂ ಕೈಯಲ್ಲೇ ಹಿಡಿದು ನಡೆದಳು. ತೋಟದ ಬದುವಿನ ಮೇಲೆ ಸೊಪ್ಪಿನ ಹೊರೆಗಳು ಮುಗಿದಿದ್ದವು, ಹೆಂಗಸರು ಬೇವಿನ ನೆರಳಲ್ಲಿ ಮುದ್ದೆ ಬಿಚ್ಚುತ್ತಿದ್ದರು. ಮನಸಿಗೆ ತಗೋಬೇಡ. ಹಾಗಾದರೆ ಎಲ್ಲಿಗೆ ತಗೊಳ್ಳಬೇಕು? ಆದರೆ ಅವಳನ್ನು ಕೊರೆಯುತ್ತಿದ್ದದ್ದು ರಮೇಶ್‌ಬಾಬುವಿನ ಮಾತೊಂದೇ ಅಲ್ಲ. ಆ ಮುದುಕಿ ಗುರುತು ಹಿಡಿಯದಿದ್ದರೆ? ಹಿಡಿಯದಿದ್ದರೆ ಅವಳು ಒಳಗೆ ಹೋಗುತ್ತಿದ್ದಳು, ಕಂಬಿಯ ಫೋಟೋ ತೆಗೆಯುತ್ತಿದ್ದಳು, ಭಯಂಕರವಾಗಿ ತೆಗೆಯುತ್ತಿದ್ದಳು, ಥ್ಯಾಂಕ್ಸ್ ಹೇಳಿ ಬಸ್ಸು ಹತ್ತುತ್ತಿದ್ದಳು. ಬೆಳಗಿನಿಂದ ಶಾಲೆಯನ್ನು ಕೊಲ್ಲುವುದಕ್ಕೆ ಬೆಳಕು ಹಿಡಿದವಳು ಅವಳೇ, ತನ್ನ ಮೈಗೆ ತಾಗಿದ ಮೇಲೆ ಮಾತ್ರ ಅದು ಅವಳ ಶಾಲೆಯಾಯಿತು. ಗೋಡೆಯ ಗೀರಿಗೆ ಶಭಾಸ್ ಅನ್ನಿಸಿಕೊಂಡು ಅಮ್ಮನ ಒಲೆಯನ್ನೂ ಕರ್ರಗೆ ತೋರಿಸಿದ್ದಳು. ಈ ಸಿಟ್ಟನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ ಅವಳು ಬಿಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ಬೇಕೆಂದೇ ಜೋರಾಗಿ ಹೆಜ್ಜೆಯಿಟ್ಟಳು.

ಕೇರಿಯಲ್ಲಿ ಅಣ್ಣ ನರಸಿಂಹಮೂರ್ತಿಯ ಮನೆ. ಅಣ್ಣ ಗೂಡ್ಸ್ ಆಟೋ ತೆಗೆದುಕೊಂಡು ಮೇಲೂರಿಗೆ ಹೋಗಿದ್ದ, ಅತ್ತಿಗೆ ರೂಪ ಕೆಲಸಕ್ಕೆ. ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಳು ಹಿದುಕುತ್ತಿದ್ದಳು. ಮಗಳನ್ನು ಕಂಡು, ‘ಏನೆ, ಹೇಳದೆ ಕೇಳದೆ!’ ಅಂದವಳು ಕೆಳಗೆ ನೋಡಿ, ‘ಒಂದು ಕಾಲ್ಗೆ ಮಾತ್ರ ಸುಣ್ಣ ಬಳ್ಕೊಂಡಿದೀಯಲ್ಲೆ, ಏನದು?’ ಎಂದು ಕೇಳಿದಳು. ಗೌತಮಿ ಊಟ ಕೇಳಿದಳು. ಉಂಡು, ಮಲಗಿ, ನಿದ್ದೆ ಬಾರದೆ ಎದ್ದಾಗ ಬಿಸಿಲು ಇಳಿದಿತ್ತು. ಫೋಟೋ ಕೆಲಸ ಇತ್ತು, ಶಾಲೆಯದು ಎಂದಷ್ಟೇ ಹೇಳಿದಳು. ‘ನಮ್ಮ ಶಾಲೆದಾ? ಎಲ್ಲಿ, ನನ್ನ ಒಲೆ ಐತಾ ಇನ್ನೂ?’ ಅಮ್ಮ ಕೈ ಒರೆಸಿಕೊಂಡು ಹತ್ತಿರ ಸರಿದಳು. ಒಲೆ ತೋರಿಸುವ ಧೈರ್ಯವಾಗದೆ ಗೌತಮಿ ಕಿಟಕಿಯ ಫೋಟೋ ತೋರಿಸಿದಳು. ಅಮ್ಮ ಅಕ್ಷರ ನೋಡಲಿಲ್ಲ, ಕರಿಹಲಗೆ ನೋಡಲಿಲ್ಲ.

‘ಅಯ್ಯೋ, ಇವು ಹಣ್ಣಾಗಿಬಿಟ್ಟವಲ್ಲೆ!’ ಬೆರಳಿಟ್ಟು ತೋರಿಸಿದಳು. ‘ಯಾವಾಗ ತೆಗೆದಿದ್ದು? ಬೆಳಿಗ್ಗೇನಾ? ಇಷ್ಟೊತ್ತಿಗೆ ಪೂರ್ತಿ ಹಣ್ಣಾಗಿರ್ತವೆ. ಅವರಿಗೆ ಗೊತ್ತೈತೋ ಇಲ್ವೋ. ಅಮ್ಮಾಜಮ್ಮಂಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ.’ ಮಂಡಿ ಹಿಡಿದುಕೊಂಡು ಎದ್ದೇಬಿಟ್ಟಳು. ‘ಹೇಳಿ ಬರ್ತೀನಿ ಇರು. ನೆಲದ ಮೇಲೆ ಬಿದ್ದು ಗೂಡು ಕಟ್ಟಿದ್ರೆ ನೂಲು ಬರಲ್ಲ. ಹುಳ ಏನ್ ಮಾಡಿದ್ವು ಪಾಪ.’

‘ಕೂತ್ಕೊಳಮ್ಮ.’

‘ಬರೀ ಹೇಳ್ಬಿಟ್ಟು...’

‘ಕೂತ್ಕೋ ಅಂದೆ!’ ಅವಳು ಕೂಗಿದ್ದು ಎದುರು ಮನೆಯ ಗಂಗುಲಮ್ಮನಿಗೂ ಕೇಳಿಸಿ ಆಕೆ ಮೊರದಲ್ಲಿ ಕೇರುವುದು ನಿಲ್ಲಿಸಿದಳು. ‘ಬಾಗಿಲಲ್ಲಿ ನಿಂತಿದ್ದೆ. ಒಂದು ಕಾಲು ಇಟ್ಟಿದ್ದೆ. ಆಂಜಿನಮ್ಮನ ಮಗಳು ಅಂತ ಗೊತ್ತಾಯ್ತು ನೋಡು, ಹುಳ ಜ್ವರಕ್ಕೆ ಕೂತವೆ, ಒಳಗೆ ಬರಬೇಡ ಅಂದ್ರು. ತಿಂತಿದ್ವು ಅಮ್ಮ. ಸರಸರ ತಿಂತಿದ್ವು. ಇನ್ನೊಂದು ಕಾಲು ಹೊರಗೇ ಉಳೀತು. ಅದಕ್ಕೇ ಒಂದೇ ಕಾಲಿಗೆ ಸುಣ್ಣ.’ ನಾಳಿದ್ದು ಇಂಜಿನಿಯರು ಬರುವುದು, ಕೊಠಡಿ ಖಾಲಿ ತೋರಿಸಿ ಶಾಲೆ ಕೆಡವುವುದು, ಎಲ್ಲವನ್ನೂ ಉಸಿರು ಬಿಡದೆ ಹೇಳಿದಳು. ಗೋಡೆಯ ಫೋಟೋ ತೆಗೆದದ್ದನ್ನೂ ಹೇಳಿದಳು. ಒಲೆಯದ್ದನ್ನೂ.

ಅಮ್ಮ ಮತ್ತೆ ಕೂತಳು. ಅವರೆಕಾಳು ಕೈಗೆ ತೆಗೆದುಕೊಂಡಳು. ಹಿದುಕಿದಳು, ಕಾಳು ಚಿಮ್ಮಿ ಪಾತ್ರೆಯಾಚೆ ಬಿತ್ತು, ಎತ್ತಿಕೊಳ್ಳಲಿಲ್ಲ. ಈ ಮೌನವೇ ಗೌತಮಿಗೆ ಆಗದಿರುವುದು. ಡೈರಿ ಮುಂದೆ ನಕ್ಕ ಹಾಗೆ ಮಾಡಿ ಮುಂದೆ ಹೋದದ್ದೂ ಇದೇ ಮೌನ. ಏನಾದರೂ ಅನ್ನು, ನನ್ನನ್ನಾದರೂ ಬೈಯಿ ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದಾಗ ಫೋನು ಬಂತು.

ರಮೇಶ್‌ಬಾಬುವಿನ ದನಿ ಏದುತ್ತಿತ್ತು. ಫೋಟೋದ ಮಾತೇ ಇಲ್ಲ. ‘ಅಮ್ಮಾ ಗೌತಮಿ, ಊರಲ್ಲೇ ಇದೀಯಾ? ಹುಳ ಒಟ್ಟಿಗೆ ಹಣ್ಣಾಗಿಬಿಟ್ಟವೆ. ಗೋಡೆ ಮೇಲೆಲ್ಲ ಹತ್ತತಾ ಅವೆ. ಜನ ಹೇಳಿದ್ದು ನಾಳೆಗೆ. ನಿಮ್ಮಮ್ಮಂಗೆ ಒಂದ್ಮಾತು ಹೇಳಮ್ಮ, ಕೇರಿಯಿಂದ ಎಷ್ಟು ಜನ ಸಿಗ್ತಾರೋ ಅಷ್ಟೂ ಜನಾನ ಕರ್ಕೊಂಡು ಈಗಲೇ ಬರಲಿ. ಆಂಜಿನಮ್ಮನ ಕೈ ಆಗಿಬರುತ್ತೆ ಅಂತ ನಮ್ಮಮ್ಮ ಹೇಳ್ತಾವ್ರೆ.’ ಹಿಂದೆ ಅಮ್ಮಾಜಮ್ಮ ಯಾರಿಗೋ ಕೂಗಿ ಹೇಳುತ್ತಿದ್ದದ್ದು ಕೇಳಿಸಿತು. ತುಂತುರು ಮಳೆ ಮಾತ್ರ ಕೇಳಿಸಲಿಲ್ಲ. ನಿಂತುಹೋಗಿತ್ತು.

ಫೋನಿನ ಆ ದನಿ ಜಗಲಿಯ ಮೇಲೆ ಕೂತ ಅಮ್ಮನಿಗೂ ಕೇಳಿಸಿತು. ಅಮ್ಮ ಕೈ ಚಾಚಿ ಫೋನು ತೆಗೆದುಕೊಂಡಳು.

‘ನಾನು ಆಂಜಿನಮ್ಮ ಕಣಪ್ಪ... ಹೂಂ... ಹೂಂ... ಕೇಳ್ದೆ. ಬರ್ತಿದ್ದೆ ಕಣಪ್ಪ, ಬರದೆ ಏನು. ಆದ್ರೆ ನಂಗೆ ಜ್ವರ.’ ಆ ಕಡೆ ಏನೋ ಅಂದರು. ‘ಬೆಳಿಗ್ಗೆ ಇರಲಿಲ್ಲಪ್ಪ, ಈಗ ಬಂತು... ನಂಗೊಬ್ಬಳಿಗೇ ಅಲ್ಲ. ಕೇರೀಲಿ ಎಲ್ಲಾರ್ಗೂ ಜ್ವರ.’ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡಳು, ಮುಖದಲ್ಲಿ ಏನೂ ಕಾಣಲಿಲ್ಲ. ‘ಅಂಗಾ? ಪಾಪ’ ಎಂದು ಫೋನನ್ನು ಮಗಳ ಕೈಗೆ ಕೊಟ್ಟಳು.

ಗೌತಮಿ ಅಮ್ಮನನ್ನೇ ನೋಡಿದಳು. ‘ಅಮ್ಮ. ಅವತ್ತು... ನಿಂಗೆ ಗೊತ್ತಿತ್ತಾ?’

ಅಮ್ಮ ಚೆಲ್ಲಿದ ಕಾಳನ್ನು ಎತ್ತಿ ಪಾತ್ರೆಗೆ ಹಾಕಿದಳು. ‘ಮೊದಲನೇ ದಿನ ಗೊತ್ತಿರಲಿಲ್ಲ’ ಅಂದಳು.

ಹಾಗಾದರೆ ಮೂರನೇ ದಿನ ಹೆಚ್ಚಿಗೆ ಹಾಕಿದ ಅಕ್ಕಿ? ಸೌಟು ಹಿಡಿದು ಗಂಟೆ ಹೊಡೆಯುವ ತನಕ ಬೀದಿಯ ಕಡೆ ಮುಖ ಮಾಡಿ ನಿಂತದ್ದು? ಕೇಳುವಷ್ಟರಲ್ಲಿ ಅಮ್ಮ ಮಂಡಿ ಹಿಡಿದು ಜಗಲಿ ಇಳಿದು ಎದುರು ಮನೆಯ ಕಡೆ ಹೊರಟಿದ್ದಳು. ಗೌತಮಿ ಕ್ಯಾಮೆರಾ ತೆರೆದು ಗೋಡೆಯ ಬಿರುಕಿನ ಫೋಟೋಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಅಂಬರೀಶಣ್ಣ ನಾಳೆ ಏನಂದರೂ ಅನ್ನಲಿ. ಒಲೆಯನ್ನು ಅಳಿಸಲಿಲ್ಲ, ಕಿಟಕಿಯದನ್ನೂ. ಇಷ್ಟು ಹೊತ್ತಿಗೆ ಹುಳ ಕಿಟಕಿಯ ಸರಳಿಗೆ, ಕರಿಹಲಗೆಯ ಚೌಕಟ್ಟಿಗೆ, ಅಮ್ಮಾಜಮ್ಮನವರ ಸ್ವೆಟರಿನ ತೋಳಿಗೆ ಎಳೆ ಎಳೆದುಕೊಳ್ಳುತ್ತಿರಬೇಕು. ಇಂಜಿನಿಯರು ಬಂದು ನೋಡಲಿ, ಖಾಲಿ ಶಾಲೆಯನ್ನು. ಕಿಟಕಿಯ ಫೋಟೋವನ್ನು ರಮೇಶ್‌ಬಾಬುವಿಗೆ ಕಳಿಸಿದಳು, ಅದೊಂದನ್ನೇ.

‘ಏ ಗಂಗುಲಮ್ಮ, ಒಳಗೆ ಹೋಗಿ ಮಲಕ್ಕೊಳ್ಳೆ’ ಎಂದು ಬೀದಿಯಲ್ಲಿ ಅಮ್ಮನ ದನಿ.

‘ಯಾಕಕ್ಕ?’

‘ನಿಂಗೆ ಜ್ವರ.’

‘ನಂಗ್ಯಾಕೆ ಬರುತ್ತೆ ಜ್ವರ? ಗುಂಡುಕಲ್ಲು ಇದ್ದಂಗಿದೀನಿ.’

‘ಬಂದೈತೆ ಕಣೆ. ಊರ ಬೀದಿಯಿಂದ ಹುಳ ಬಿಡೋಕೆ ಕರಿಯೋಕೆ ಬರ್ತಾರೆ ಈಗ. ಬಾಗಿಲು ಹಾಕ್ಕೊಂಡು ಮಲಕ್ಕೋ. ಪಕ್ಕದ ಮನೆ ತನುಜಾಗೂ ಹೇಳ್ಬಿಡು, ನಾನು ಆ ಕಡೆ ಸಾಲಿಗೆ ಹೋಗ್ತೀನಿ.’

ಮೊರ ಕೆಳಗಿಟ್ಟ ಸದ್ದಾಯಿತು. ಆಮೇಲೆ ಗಂಗುಲಮ್ಮನ ನಗು, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಆಮೇಲೆ ಕೆಮ್ಮಾಗಿ. ಕೆಮ್ಮಿನ ನಡುವೆಯೇ ಕೇಳಿದಳು: ‘ಅಲ್ಲಕ್ಕ, ಈ ಜ್ವರ ಏಳೋದು ಯಾವಾಗ?’

‘ಅವರ ಮಕ್ಕಳದ್ದೇ ಇನ್ನೂ ಎದ್ದಿಲ್ಲ’ ಅಂದಳು ಅಮ್ಮ. ‘ನಮ್ಮದೇನು ಅವಸರ?’